ಜೀಬ್ರಾ ಕ್ರಾಸಿಂಗ್ ಕೇಳಿದ್ದೆವು, ಮೆಟ್ಟಿಲು ಕಟ್ಟಿಸಿದಿರಿ

ಮಾನ್ಯ ಮುಖ್ಯ ಎಂಜಿನಿಯರ್ ಅವರೇ,

ಬಸ್ ನಿಲ್ದಾಣದ ಎದುರು ರಸ್ತೆ ದಾಟುವ ಜಾಗದ ಬಗ್ಗೆ ನಮ್ಮ ಮನವಿ, ಸ್ವೀಕೃತಿ, ನೆನಪೋಲೆಗಳೆಲ್ಲ ತಮ್ಮ ಕಡತದಲ್ಲೇ ಇವೆ, ಮತ್ತೆ ವಿವರಿಸುವುದಿಲ್ಲ. ಕಳೆದ ವರ್ಷದ ಜನಸ್ಪಂದನ ಸಭೆಯಲ್ಲಿ ತಾವೇ ಮೈಕ್ ಹಿಡಿದು, "ಮೇಷ್ಟ್ರೇ, ದಸರಾ ಒಳಗೆ ಎತ್ತರಿಸಿದ ಜೀಬ್ರಾ ಕ್ರಾಸಿಂಗ್, ಸದ್ದು ಮಾಡುವ ಸಿಗ್ನಲ್, ಎರಡೂ ಮಾಡಿಸಿಕೊಡ್ತೀನಿ" ಎಂದಿರಿ. ಸಭೆ ಚಪ್ಪಾಳೆ ತಟ್ಟಿತು.

ದಸರಾ ಕಳೆಯಿತು. ಬಂದದ್ದು ಸ್ಕೈವಾಕ್. ಅದರ ಲಿಫ್ಟ್‌ಗೆ ಬೀಗ. ಮಂಡಿನೋವಿನ ಅಜ್ಜಿಯರು, ಕಂಕುಳಲ್ಲಿ ಕೂಸು ಹೊತ್ತ ತಾಯಂದಿರು ಇಂದಿಗೂ ಕೆಳಗೇ ವಾಹನಗಳ ನಡುವೆ ಜೀವ ಕೈಯಲ್ಲಿ ಹಿಡಿದು ದಾಟುತ್ತಾರೆ.

ಕಣ್ಣು ಕಾಣದ ನಾನು ಕಿವಿಯನ್ನು ನಂಬಿ ದಾಟುವವನು. ಎದುರಿನ ಎಂಜಿನ್‌ಗಳ ಸದ್ದು ತಗ್ಗಿ, ಪಕ್ಕದ ಸಾಲು ಹೊರಟಿತೆಂದರೆ ದೀಪ ಬದಲಾಯಿತೆಂದು ಲೆಕ್ಕ. ಈಗ ಅದೂ ಕೈಕೊಡುತ್ತಿದೆ. ಬ್ಯಾಟರಿ ಸ್ಕೂಟರ್ ಮೈಮೇಲೆ ಬರುವವರೆಗೂ ಕೇಳಿಸುವುದಿಲ್ಲ; ಎಡಕ್ಕೆ ತಿರುಗುವವರನ್ನು ತಡೆಯುವ ಕೆಂಪು ದೀಪವೇ ಇಲ್ಲ. ಫುಟ್‌ಪಾತಿಗೆ ಹಳದಿ ಟೈಲ್ಸ್ ಹಾಕಿಸಿದ್ದೀರಿ. ಉದ್ದ ಗೆರೆ ಸಿಕ್ಕರೆ ನಡೆಯಬೇಕು, ಗುಂಡು ಚುಕ್ಕಿ ಸಿಕ್ಕರೆ ಎಚ್ಚರವಾಗಬೇಕು. 1967ರಲ್ಲಿ ಜಪಾನಿನ ಒಕಾಯಾಮದಲ್ಲಿ ಅಂಧರ ಶಾಲೆಯ ಬಳಿ ಇಂಥವನ್ನು ಮೊದಲು ಹಾಸಿದ್ದು ನಮ್ಮಂಥವರ ಪಾದಕ್ಕೆ ದಾರಿ ತಿಳಿಯಲೆಂದು. ನಿಮ್ಮ ಗೆರೆ ಹಿಡಿದು ಹೋದರೆ ಚುಕ್ಕಿಯೇ ಇಲ್ಲದೆ ನೇರ ಟ್ರಾನ್ಸ್‌ಫಾರ್ಮರ್ ಬೇಲಿ. ನನ್ನ ಹಣೆಗೆ ಹೊಲಿಗೆ ಬಿದ್ದದ್ದು ಅಲ್ಲೇ.

ಅದನ್ನು ಹೇಳಲು ಬಂದರೆ ನಿಮ್ಮ ಕಚೇರಿಯಲ್ಲಿ ಸಿಕ್ಕ ಉತ್ತರ: "ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಓಡಾಡಿ." ಸಭೆಯಲ್ಲಿ ನೀವು ಕೊಟ್ಟ ಮಾತು ಇದಲ್ಲ.

ರಸ್ತೆಗಳು ಅಂಗವಿಕಲರೂ ಬಳಸುವಂತಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ. ಅಡೆತಡೆಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಹಕ್ಕಿಗೆ ಸೇರಿದ್ದೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಆದರೂ ಆಸ್ಪತ್ರೆ ಮುಂದೆ, ಶಾಲೆ ಮುಂದೆ, ಸಂತೆ ಮುಂದೆ ಎಲ್ಲೆಲ್ಲೂ ಇದೇ ಪಾಡು. ಕಾರಿಗೆ ಸಮತಟ್ಟು ರಸ್ತೆ, ಕಾಲಿಗೆ ಮೆಟ್ಟಿಲು! ನಡೆಯುವವರು ತೆರಿಗೆ ಕಟ್ಟುವುದಿಲ್ಲವೇ?

ಕ್ರಾಸಿಂಗ್ ಫುಟ್‌ಪಾತಿನ ಮಟ್ಟಕ್ಕೇ ಬರಲಿ. ಡಿವೈಡರ್ ನಡುವೆ ಗಾಲಿಕುರ್ಚಿ ನಿಲ್ಲುವಷ್ಟು ಜಾಗ ಬಿಡಿಸಿ. ನಾವು ದಾಟುವಾಗ ಸಿಗ್ನಲ್ ಸದ್ದು ಮಾಡಲಿ, ಎಡ ತಿರುವಿಗೂ ಕೆಂಪು ದೀಪ ಬೀಳಲಿ. ನೀವು ಹೇಳಿದ ದಸರಾ ಆಗಿಹೋಯಿತು. ಹೊಸ ದಿನಾಂಕ ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಡಿ. ಬಾಯಿಮಾತು ಬೇಡ.

ಇತಿ,
ಒಬ್ಬ ಹೈಸ್ಕೂಲ್ ಮೇಷ್ಟ್ರು