ಹತ್ತು ನಿಮಿಷದ ಪ್ರಬಂಧ, ಅರ್ಧ ಗಂಟೆಯ ಪ್ರಶ್ನೆ

ಕೂಡ್ಲಿಗಿ ಸೀಮೆಯ ಕುಮತಿ, ಹುಲಿಕುಂಟೆಗಳಲ್ಲಿ ಮನುಷ್ಯಾಕಾರದ ದೊಡ್ಡ ಚಪ್ಪಡಿಕಲ್ಲುಗಳಿವೆ. ಕಣ್ಣು, ಮೂಗು, ಬಾಯಿ ಯಾವುದನ್ನೂ ಬಿಡಿಸಿಲ್ಲ. ತಲೆ ಮತ್ತು ಭುಜಗಳ ಸ್ಥೂಲ ಆಕಾರವಷ್ಟೇ. ದನ ಮೇಯಿಸುವವರು, ಹೊಲಕ್ಕೆ ಹೋಗುವವರು ತಲೆಮಾರುಗಳಿಂದ ಅವನ್ನು ನೋಡುತ್ತಲೇ ಬಂದಿದ್ದಾರೆ. ಅವರ ಪಾಲಿಗೆ ಅದು ನಮ್ಮೂರ ಕಲ್ಲು, ಅಷ್ಟೆ. ತಮಿಳುನಾಡಿನ ಮೋಟ್ಟೂರು, ಉಡೈಯಾರ್‌ನತ್ತಂ ಊರುಗಳಲ್ಲೂ ಇಂಥವೇ ಕಲ್ಲುಗಳಿವೆ, ಅವೂ ಬೃಹತ್‌ಶಿಲಾಯುಗದ ನೆಲೆಗಳಲ್ಲೇ ನಿಂತಿವೆ ಎಂದು ಗೊತ್ತಾದ ಕೂಡಲೇ ಕೇಳಬೇಕಾದ ಪ್ರಶ್ನೆಯೇ ಬೇರೆಯಾಗುತ್ತದೆ. ಇಷ್ಟು ದೂರದ ಊರುಗಳಲ್ಲಿ ಒಂದೇ ಬಗೆಯ ಕಲ್ಲು ನಿಲ್ಲಿಸಿದವರು ಯಾರು, ಯಾರ ನೆನಪಿಗೆ? ಕೂಡ್ಲಿಗಿಯ ಕಲ್ಲು ಕಂಡವರೂ ಮೋಟ್ಟೂರಿನ ಕಲ್ಲು ಕಂಡವರೂ ಎದುರುಬದುರು ಕೂತು ಮಾತಾಡದೆ ಇದಕ್ಕೆ ಉತ್ತರ ಸಿಕ್ಕದು. ಹಾಗೆ ಕೂರಿಸುವುದೇ ವಿಷಯತಜ್ಞರ ಸಮ್ಮೇಳನದ ಕೆಲಸ.

ಈ ಸಂಚಿಕೆಯಲ್ಲಿ ಸ್ಥಳೀಯ ಇತಿಹಾಸದ ಬರಹಗಳೇ ಹೆಚ್ಚು. ಆದ್ದರಿಂದ ಇಂಥ ಸಮ್ಮೇಳನಗಳ ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಹೊಸಹಳ್ಳಿಯಂಥ ಹೋಬಳಿಯಲ್ಲಿ ಕೂತು ಓದುವ, ಬರೆಯುವ ಮಂದಿಗೆ ಇದು ದೂರದ ಮಾತಲ್ಲ.

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೇರಿದಂತೆ ನಮ್ಮ ಐದು ತಾಲ್ಲೂಕುಗಳ ಕಥೆ ಸ್ವಲ್ಪ ವಿಚಿತ್ರದ್ದು. ಪಕ್ಕದ ಮೊಳಕಾಲ್ಮುರು, ಜಗಳೂರು ಮೈಸೂರು ಸಂಸ್ಥಾನದಲ್ಲಿದ್ದವು. ಬಿ. ಎಲ್. ರೈಸ್ ಅವರು 1892ರಲ್ಲೇ ಮೊಳಕಾಲ್ಮುರು ಕಡೆ ಅಶೋಕನ ಶಾಸನಗಳನ್ನು ಪತ್ತೆಹಚ್ಚಿದರು. ಆ ತಾಲ್ಲೂಕುಗಳ ಶಾಸನಗಳು ಕಳೆದ ಶತಮಾನದ ಆರಂಭದಲ್ಲೇ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸೇರಿದವು. ಗಡಿಯ ಈಚೆಗಿದ್ದ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಮದ್ರಾಸ್ ಪ್ರಾಂತಕ್ಕೆ ಸೇರಿದ್ದರಿಂದ ರೈಸ್ ಅವರ ಲೆಕ್ಕಕ್ಕೆ ಬರಲಿಲ್ಲ. ಇಲ್ಲಿನ ಶಾಸನಗಳು ದೊಡ್ಡ ಪ್ರಮಾಣದಲ್ಲಿ ಅಚ್ಚಾಗಲು 1939ರವರೆಗೆ ಕಾಯಬೇಕಾಯಿತು. ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್ ಸಂಪಾದಿಸಿದ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಒಂಬತ್ತನೆಯ ಸಂಪುಟದಲ್ಲಿ ಅವು ಬಂದವು. ಬಾಗಳಿಯ ಕಲ್ಲೇಶ್ವರ ಗುಡಿಯೊಂದರ ಸುತ್ತಲೇ ಮೂವತ್ತಕ್ಕೂ ಹೆಚ್ಚು ಶಾಸನಗಳಿವೆ ಎಂದರೆ ಈ ನೆಲದ ಸಂಪತ್ತು ಎಷ್ಟೆಂದು ಊಹಿಸಬಹುದು. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಹರಪನಹಳ್ಳಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ಎಲ್ಲರೂ ವಿಜಯನಗರ ಜಿಲ್ಲೆಯವರಾದೆವು. ಹೀಗೆ ಜಿಲ್ಲೆ ಬದಲಾದಾಗಲೆಲ್ಲ ದಾಖಲೆಗಳ ವಿಳಾಸವೂ ಬದಲಾಯಿತು. ಯಾವುದು ಎಲ್ಲಿ ಅಚ್ಚಾಗಿದೆ, ಯಾವುದು ಇನ್ನೂ ಆಗಿಲ್ಲ ಎಂದು ತಿಳಿಯಲಿಕ್ಕೇ ನಾಲ್ಕು ಜನ ಬಲ್ಲವರ ಸಂಗ ಬೇಕು.

ಬಲ್ಲವರ ಸಭೆಯಲ್ಲಿ ಏನಾಗುತ್ತದೆ ಎಂಬುದನ್ನು ತುಸು ಹತ್ತಿರದಿಂದ ನೋಡೋಣ. ಒಬ್ಬ ಮೇಷ್ಟ್ರಿಗೆ ಗುಡಿಯ ಹಿಂದೆ ಒಂದು ಶಾಸನ ಸಿಕ್ಕಿತೆನ್ನಿ. ಕಲ್ಲಿಗೆ ಎಣ್ಣೆ, ಅರಿಸಿನ, ಸುಣ್ಣ ಮೆತ್ತಿರುತ್ತದೆ. ತೊಳೆದು, ಒದ್ದೆ ಕಾಗದ ಹಾಸಿ, ಅಕ್ಷರದ ಗುಳಿಗೆ ಕಾಗದ ಇಳಿಯುವಂತೆ ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಾರೆ. ಕಪ್ಪು ಹಾಳೆಯ ಮೇಲೆ ಬಿಳಿ ಅಕ್ಷರ ಮೂಡುತ್ತದೆ. ಹಳೆಯ ಲಿಪಿಯಲ್ಲಿ ‘ಮ’ ಮತ್ತು ‘ವ’ ಒಂದರಂತೆ ಒಂದು ಕಾಣುತ್ತವೆ; ಕಲ್ಲು ಸವೆದಿದ್ದರಂತೂ ಊರ ಹೆಸರೇ ಬೇರೆಯಾಗಿಬಿಡುತ್ತದೆ. ಮೇಷ್ಟ್ರು ಕಾಲವನ್ನು ಶಕ 909 ಎಂದು ಓದಿ, ಅಂದರೆ ಕ್ರಿ.ಶ. 987 ಎಂದು ಪ್ರಬಂಧ ಬರೆದು ತರುತ್ತಾರೆ. ಹಿಂದಿನ ಸಾಲಿನಿಂದ ಒಬ್ಬರು ಎದ್ದು, ‘ಸಂವತ್ಸರ ಯಾವುದು ಬರೆದಿದೆ ಸರ್?’ ಎನ್ನುತ್ತಾರೆ. ‘ಚಿತ್ರಭಾನು.’ ‘ಹಾಗಾದರೆ 909 ಕೂಡುವುದಿಲ್ಲ. ಅದಕ್ಕೆ ಸರ್ವಜಿತು ಬರಬೇಕು. ಚಿತ್ರಭಾನು ಬರುವುದು ಶಕ 904ಕ್ಕೆ. ಕೊನೆಯ ಅಂಕಿ ಇನ್ನೊಮ್ಮೆ ನೋಡಿ.’ ತಿಥಿ, ವಾರಗಳೂ ಉಳಿದಿದ್ದರೆ ಸ್ವಾಮಿಕಣ್ಣು ಪಿಳ್ಳೆಯವರು 1922ರಲ್ಲಿ ಪ್ರಕಟಿಸಿದ ಪಂಚಾಂಗ ಕೋಷ್ಟಕಗಳನ್ನು ತೆರೆದು ದಿನವನ್ನೂ ತಾಳೆ ನೋಡಬಹುದು.

ಐದು ವರ್ಷದ ವ್ಯತ್ಯಾಸ ದೊಡ್ಡದೇ ಎಂದು ಕೇಳಬಹುದು. ರಾಷ್ಟ್ರಕೂಟರು ಅಳಿದು ಕಲ್ಯಾಣದ ಚಾಲುಕ್ಯರು ತಲೆಯೆತ್ತಿದ ಆ ದಶಕಗಳಲ್ಲಿ ಐದು ವರ್ಷ ಬಹಳ ದೊಡ್ಡದು. ಒಂಟಿಯಾಗಿ ಮನೆಯಲ್ಲಿ ಕೂತು ಓದಿದ್ದರೆ ಆ ತಪ್ಪು ತಪ್ಪಾಗಿಯೇ ಅಚ್ಚಾಗಿ, ಅದನ್ನು ನೋಡಿ ಇನ್ನಿಬ್ಬರು ಬರೆದು, ಹತ್ತು ವರ್ಷದಲ್ಲಿ ನಿಜವೆನಿಸಿಕೊಳ್ಳುತ್ತಿತ್ತು. ವೃತ್ತಿಯಲ್ಲಿ ಬೆಳೆಯುವುದು ಎನ್ನುತ್ತೇವಲ್ಲ, ಅದು ಇಂಥ ಒಂದು ಪ್ರಶ್ನೆಯ ಎದುರು ನಿಂತಾಗ ಆಗುತ್ತದೆ. ಆ ಮೇಷ್ಟ್ರು ಮುಂದಿನ ಶಾಸನವನ್ನು ಸಂವತ್ಸರ ತಾಳೆ ನೋಡದೆ ಮುಟ್ಟುವುದಿಲ್ಲ.

ಕನ್ನಡದಲ್ಲಿ ಈ ಪರಂಪರೆ ಬಡವಾಗಿಲ್ಲ. ಶಾಸನತಜ್ಞರಿಗೆಂದೇ 1974ರಲ್ಲಿ ಹುಟ್ಟಿದ ಎಪಿಗ್ರಾಫಿಕಲ್ ಸೊಸೈಟಿ ಆಫ್ ಇಂಡಿಯಾಕ್ಕೂ ನಮ್ಮ ಧಾರವಾಡಕ್ಕೂ ಹತ್ತಿರದ ನಂಟು. ಸೂರ್ಯನಾಥ ಕಾಮತರು ಕಟ್ಟಿ ಬೆಳೆಸಿದ ಕರ್ನಾಟಕ ಇತಿಹಾಸ ಅಕಾಡೆಮಿ ಊರೂರಲ್ಲಿ ವಾರ್ಷಿಕ ಸಮ್ಮೇಳನ ನಡೆಸಿ, ಅಲ್ಲಿನ ಪ್ರಬಂಧಗಳನ್ನು ‘ಇತಿಹಾಸ ದರ್ಶನ’ ಸಂಪುಟಗಳಲ್ಲಿ ಅಚ್ಚುಹಾಕಿತು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ಸಮ್ಮೇಳನಗಳ ಫಲ ‘ಹಸ್ತಪ್ರತಿ ವ್ಯಾಸಂಗ’ ಸಂಪುಟಗಳಾಗಿ ನಮ್ಮ ಮುಂದಿದೆ. ಇಂಥ ಸಂಪುಟಗಳ ಬಹುಪಾಲು ಲೇಖನಗಳು ನಾಲ್ಕೈದು ಪುಟ ಮೀರವು: ಒಂದು ವೀರಗಲ್ಲು, ಒಂದು ಕೆರೆಯ ಶಾಸನ, ಒಂದು ಮಠದ ಓಲೆಗರಿ ಕಟ್ಟು. ಆದರೆ ದೊಡ್ಡ ಗ್ರಂಥ ಬರೆಯುವವರು ಅಡಿಟಿಪ್ಪಣಿಗೆ ಹುಡುಕುವುದು ಇವನ್ನೇ.

ಹಂಪಿಯನ್ನೇ ನೋಡಿ. 1936ರಲ್ಲಿ ವಿಜಯನಗರಕ್ಕೆ ಆರುನೂರು ವರ್ಷ ತುಂಬಿದ ನೆನಪಿಗೆ ಧಾರವಾಡದಿಂದ ಒಂದು ಸಂಪುಟ ಬಂತು. ಅಲ್ಲಿ ಹೆಚ್ಚಿನ ಕಣ್ಣು ರಾಜರ ಮೇಲೆ, ಯುದ್ಧಗಳ ಮೇಲೆ. 1983ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ವಿಜಯನಗರದ ಬಗ್ಗೆಯೇ ವಿದ್ವಾಂಸರು ಸೇರಿದರು. ಆ ಪ್ರಬಂಧಗಳು 1985ರಲ್ಲಿ ಎ. ಎಲ್. ದಲ್ಲಾಪಿಕ್ಕೊಲ ಅವರ ಸಂಪಾದಕತ್ವದಲ್ಲಿ ಹೊರಬಂದವು. ಅಷ್ಟು ಹೊತ್ತಿಗೆ ಹಂಪಿಯ ಬಯಲಲ್ಲಿ ಸರ್ವೆ ಮಾಡುತ್ತಿದ್ದವರು, ವಾಸ್ತುಶಿಲ್ಪ ಓದುತ್ತಿದ್ದವರು, ಶಾಸನ ಓದುತ್ತಿದ್ದವರು ಒಬ್ಬರ ಮಾತು ಇನ್ನೊಬ್ಬರು ಕೇಳತೊಡಗಿದ್ದರು. ರಾಜರ ಪಟ್ಟಿಯ ಜಾಗಕ್ಕೆ ನಗರ, ನೀರು, ರಸ್ತೆ, ಪೇಟೆಗಳು ಬಂದವು.

ಇನ್ನು ನಮ್ಮ ಕಾಲದ ಕಾಯಿಲೆ. 2010ರ ಯುಜಿಸಿ ನಿಯಮಾವಳಿ ಅಧ್ಯಾಪಕರ ಬಡ್ತಿಗೆ ಎಪಿಐ ಅಂಕಗಳನ್ನು ತಂದಿತು. ಸಮ್ಮೇಳನದಲ್ಲಿ ಪ್ರಬಂಧ ಓದಿದರೂ ಅಂಕ ಬಂತು. ಅಲ್ಲಿಂದ ಒಂದು ದಿನದ ‘ರಾಷ್ಟ್ರೀಯ ವಿಚಾರ ಸಂಕಿರಣ’ಗಳು ಮಳೆಗಾಲದ ಅಣಬೆಯಂತೆ ಎದ್ದವು. ಉದ್ಘಾಟನೆ ಹನ್ನೊಂದಕ್ಕೆ ಎಂದು ಕಾರ್ಡಿನಲ್ಲಿರುತ್ತದೆ, ಹನ್ನೆರಡಕ್ಕೆ ಶುರುವಾಗುತ್ತದೆ. ಶಾಲು, ಹಾರ, ಫಲತಾಂಬೂಲ, ಗಣ್ಯರ ಭಾಷಣ ಮುಗಿಯುವಾಗ ಊಟದ ಹೊತ್ತು. ಮಧ್ಯಾಹ್ನ ಮೂವತ್ತು ಜನರಿಗೆ ಐದೈದು ನಿಮಿಷ. ‘ಸಮಯದ ಅಭಾವದಿಂದ ಪ್ರಶ್ನೆಗಳಿಗೆ ಅವಕಾಶವಿಲ್ಲ’ ಎಂದು ಅಧ್ಯಕ್ಷರು ಗಂಟೆ ಬಾರಿಸುತ್ತಾರೆ. ಸರ್ಟಿಫಿಕೇಟು ಕೈಗೆ ಬಂದ ಮೇಲೆ ಸಭಾಂಗಣದಲ್ಲಿ ಉಳಿಯುವುದು ಕುರ್ಚಿಗಳು. ಮುಂದೆ ನಿಯಮಗಳು ಬದಲಾದವು, ಚಾಳಿ ಬದಲಾಗಲಿಲ್ಲ. ಪ್ರಶ್ನೆಗೆ ಜಾಗವಿಲ್ಲದ ಸಮ್ಮೇಳನವನ್ನು ಸಮಾರಂಭ ಎನ್ನಬಹುದು, ಸಂಶೋಧನೆ ಎನ್ನಲಾಗದು.

ಇನ್ನೊಂದು ತೊಡಕೂ ಇದೆ. ಒಳ್ಳೆಯ ಸಮ್ಮೇಳನಗಳು ಬೆಂಗಳೂರು, ಮೈಸೂರು, ಧಾರವಾಡಗಳ ಸುತ್ತಲೇ ಹೆಚ್ಚು. ಕೊಟ್ಟೂರಿನ ಅತಿಥಿ ಉಪನ್ಯಾಸಕಿಯೊಬ್ಬರು ಅಲ್ಲಿಗೆ ಹೋಗಬೇಕೆಂದರೆ ನೋಂದಣಿ ಶುಲ್ಕ, ಬಸ್ ಚಾರ್ಜು, ಎರಡು ದಿನದ ವಾಸ್ತವ್ಯ, ಎಲ್ಲವೂ ಕೈಯಿಂದಲೇ. ಕಾಯಂ ಅಧ್ಯಾಪಕರಂತೆ ಓಓಡಿ, ಅಂದರೆ ಅನ್ಯ ಕರ್ತವ್ಯದ ರಜೆ, ಸಿಗುವುದೂ ಕಷ್ಟ. ಆದರೆ ಊರ ಗುಡಿ, ಕೆರೆ, ಕಲ್ಲುಗಳನ್ನು ದಿನವೂ ನೋಡುವವರು ಇವರೇ. ಸಾಮಗ್ರಿ ಇದ್ದವರಿಗೆ ಸಭೆ ಇಲ್ಲ, ಸಭೆ ಇದ್ದವರಿಗೆ ಸಾಮಗ್ರಿ ಇಲ್ಲ.

ಆದ್ದರಿಂದ ಐದೂ ತಾಲ್ಲೂಕುಗಳ ಕಾಲೇಜುಗಳಲ್ಲಿ, ಮಠಗಳ ವಿದ್ಯಾಸಂಸ್ಥೆಗಳಲ್ಲಿ, ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕಗಳಲ್ಲಿ ನಮ್ಮ ಅರಿಕೆ ಇಷ್ಟು. ಸರದಿಯಂತೆ ವರ್ಷಕ್ಕೊಂದು ಗೋಷ್ಠಿ ನಡೆಸಿ. ಒಂದೇ ವಿಷಯ ಇಟ್ಟುಕೊಳ್ಳಿ: ಈ ವರ್ಷ ಪಾಳೆಯಗಾರರ ಗುಡೇಕೋಟೆ, ಜರಿಮಲೆ, ಹರಪನಹಳ್ಳಿ, ಮುಂದಿನ ವರ್ಷ ಕೆರೆಗಳು, ಅದರ ಮುಂದೆ ಕುರುವತ್ತಿ, ಬಾಗಳಿ, ಮಾಗಳದ ಗುಡಿಗಳು. ಎಂಟೇ ಪ್ರಬಂಧಗಳು ಸಾಕು. ಹತ್ತು ನಿಮಿಷದ ಓದಿಗೆ ಅರ್ಧ ಗಂಟೆಯ ಪ್ರಶ್ನೆ ಇರಲಿ. ಹಂಪಿ ಕೂಗಳತೆಯಲ್ಲಿದೆ, ವಿಶ್ವವಿದ್ಯಾಲಯದ ಇಬ್ಬರು ತಜ್ಞರನ್ನು ಭಾಷಣಕ್ಕಲ್ಲ, ತಪ್ಪು ತೋರಿಸಲಿಕ್ಕೆಂದೇ ಕರೆಯಿರಿ. ಶಾಲು, ಹಾರದ ಹಣದಲ್ಲಿ ಪ್ರಬಂಧಗಳನ್ನು ಅಚ್ಚುಹಾಕಿಸಿ, ಒಂದೊಂದು ಪ್ರತಿಯನ್ನು ಪ್ರತಿ ತಾಲ್ಲೂಕಿನ ಗ್ರಂಥಾಲಯಕ್ಕೆ ಕೊಡಿ. ಗೋಷ್ಠಿಯಲ್ಲಿ ಪ್ರಶ್ನೆ ಎದುರಿಸಿ, ತಿದ್ದಿಸಿಕೊಂಡು ಬಂದ ಪ್ರಬಂಧಕ್ಕೆ ಈ ಪತ್ರಿಕೆಯಲ್ಲಿ ಮೊದಲ ಜಾಗ. ಓದುಗರೇ, ನಿಮ್ಮೂರಿನಲ್ಲಿ ಅಂಥ ಸಭೆ ನಡೆದರೆ ಊಟ ಮುಗಿಸಿ ಹೊರಡಬೇಡಿ. ಕೂತು ಕೇಳಿ, ಅನುಮಾನ ಬಂದರೆ ಎದ್ದು ಕೇಳಿ.