ಕಲ್ಲು ನೆಟ್ಟವರೇ, ನಕ್ಷೆ ಎಲ್ಲಿ?

ಹೊಲವೊಂದರಲ್ಲಿ ಜೆಸಿಬಿ ಮಣ್ಣು ಎತ್ತಿದರೆ ಸಾಕು, ಜಮಖಂಡಿ-ಬೀಳಗಿಯ ಚಹಾದಂಗಡಿಗಳಲ್ಲಿ ಊಹೆಯ ಸಂತೆ ನೆರೆಯುತ್ತದೆ. ಪುನರ್ವಸತಿ ಕೇಂದ್ರವೋ? ಹೊಸ ಬಡಾವಣೆಯೋ? ಬಡವ ಊಹಿಸುತ್ತಿರುವಾಗಲೇ ದಲ್ಲಾಳಿ ಪಕ್ಕದ ಹೊಲಕ್ಕೆ ಮುಂಗಡ ಕೊಟ್ಟು ಬಂದಿರುತ್ತಾನೆ!

ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಹಳೆಯ ಬಾಗಲಕೋಟೆಯ ಭಾಗ ನೀರಿಗೆ ಹೋಯಿತು, ನವನಗರ ಎದ್ದಿತು. 2010ರ ತೀರ್ಪಿನಂತೆ ಜಲಾಶಯದ ಮಟ್ಟ 519.6ರಿಂದ 524.256 ಮೀಟರಿಗೆ ಏರಿದರೆ ಇನ್ನೂ 75,563 ಎಕರೆ ಮುಳುಗಬೇಕು. 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟವು ಎಕರೆಗೆ ನೀರಾವರಿ ಭೂಮಿಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಗೊತ್ತುಮಾಡಿತು. ಒಳ್ಳೆಯದು. ಭೂಮಿಯೇ ಇಲ್ಲದವರ ಗತಿ ಏನು?

ನಿವೇಶನದ ದರ ಏರಿದರೆ ಬಾಡಿಗೆಯೂ ಅದರ ಬೆನ್ನು ಹತ್ತುತ್ತದೆ. ಅದನ್ನು ತೆರುವವರು ರಬಕವಿ-ಬನಹಟ್ಟಿಯ ನೇಕಾರರು, ಮುಧೋಳದ ಕಾರ್ಖಾನೆ ಕೂಲಿಕಾರರು, ಚಿಲ್ಲರೆ ವ್ಯಾಪಾರಿಗಳು.

ನಾವು ಕೇಳುವುದು ಇಷ್ಟೇ: ಗುದ್ದಲಿ ಬೀಳುವ ಮುನ್ನ ನಕ್ಷೆಯನ್ನು ನಗರಸಭೆ, ಪುರಸಭೆ, ಪಂಚಾಯಿತಿಗಳ ಬಾಗಿಲಿಗೆ ಕನ್ನಡದಲ್ಲಿ ಅಂಟಿಸಿರಿ. ನಿವೇಶನ ಎಷ್ಟು, ಬಾಡಿಗೆದಾರರಿಗೆ ಎಷ್ಟು, ಅಂಗಡಿಕಾರರಿಗೆ ಎಷ್ಟು, ಗುತ್ತಿಗೆ ಯಾರಿಗೆ ಎಂಬುದನ್ನು ಬರೆಯಿರಿ.

ಕಾರ್ಮಿಕರೇ, ವ್ಯಾಪಾರಿ ಬಂಧುಗಳೇ, ಚಹಾದಂಗಡಿಯ ಊಹೆ ಸಾಕು. ಒಟ್ಟಾಗಿ ಹೋಗಿ ಲೆಕ್ಕ ಕೇಳೋಣ!