ನದಿಯ ಡಾಲ್ಫಿನ್, ಕಡಲ ಡಾಲ್ಫಿನ್: ಒಂದೇ ಹೆಸರು ಸಲ್ಲದು

ಪ್ರಾಣಿಗಳಿಗೆ ಹೆಸರಿಟ್ಟು ವಿಂಗಡಿಸುವ ಶಾಸ್ತ್ರಜ್ಞರ ಕೆಲಸವನ್ನು ಕಂಡು ನಗುವವರುಂಟು. ಡಾಲ್ಫಿನ್ನನ್ನು ಒಂದು ಪ್ರಭೇದವೆಂದರೇನು, ಎರಡೆಂದರೇನು, ಅದರಿಂದ ಆ ಪ್ರಾಣಿಗೆ ಆಗುವ ಲಾಭನಷ್ಟವೇನು ಎಂದು ಅವರು ಕೇಳುತ್ತಾರೆ. ದಕ್ಷಿಣ ಅಮೆರಿಕದ ಎರಡು ಪುಟ್ಟ ಡಾಲ್ಫಿನ್ನುಗಳ ವೃತ್ತಾಂತವೇ ಇದಕ್ಕೆ ತಕ್ಕ ಉತ್ತರವೆಂದು ನನ್ನ ಅಭಿಪ್ರಾಯ.

ಅಮೆಜಾನ್ ನದಿಯಲ್ಲಿಯೂ ಅದರ ಉಪನದಿಗಳಲ್ಲಿಯೂ ಟುಕುಶಿ ಎಂಬ ಡಾಲ್ಫಿನ್ ವಾಸಿಸುತ್ತದೆ. ಬೂದುಬಣ್ಣದ ಬೆನ್ನು, ನಸುಗೆಂಪು ಹೊಟ್ಟೆ, ಬೆನ್ನಿನ ಮೇಲೆ ಮುಕ್ಕೋನವಾದ ಸಣ್ಣ ಈಜುರೆಕ್ಕೆ. ಉದ್ದ ಸುಮಾರು 1.5 ಮೀಟರು. ಅದರ ಬಾಳೆಲ್ಲ ಸಿಹಿನೀರಿನಲ್ಲಿಯೇ. ರೂಪದಲ್ಲಿ ಅದನ್ನೇ ಹೋಲುವ ಗಯಾನಾ ಡಾಲ್ಫಿನ್ ಮಧ್ಯ ಅಮೆರಿಕದಿಂದ ದಕ್ಷಿಣ ಬ್ರೆಜಿಲಿನವರೆಗೆ ಅಟ್ಲಾಂಟಿಕ್ ಕರಾವಳಿಯ ಕೊಲ್ಲಿಗಳಲ್ಲಿಯೂ ಅಳಿವೆಗಳಲ್ಲಿಯೂ ಇದೆ. ಇದು 2 ಮೀಟರಿಗೂ ಮಿಕ್ಕಿ ಬೆಳೆಯಬಲ್ಲುದು. 1853ರಲ್ಲಿ ಮೊದಲನೆಯದಕ್ಕೂ 1864ರಲ್ಲಿ ಎರಡನೆಯದಕ್ಕೂ ಬೇರೆಬೇರೆ ಹೆಸರುಗಳನ್ನೇ ಇಟ್ಟಿದ್ದರು. ಆದರೆ ಮುಂದೆ ಬಹುಕಾಲ ಇವೆರಡೂ ಒಂದೇ ಪ್ರಭೇದದ ನದಿರೂಪ, ಕಡಲರೂಪಗಳೆಂದು ಎಣಿಸಲ್ಪಟ್ಟವು. ತಲೆಬುರುಡೆಗಳನ್ನು ಅಳೆದು, ಡಿಎನ್ಎಯನ್ನು ಹೋಲಿಸಿ ನೋಡಿದ ಮೇಲೆ, 2007ರ ವೇಳೆಗೆ, ಇವು ಎರಡು ಪ್ರಭೇದಗಳೇ ಎಂಬುದು ಸ್ಥಿರಪಟ್ಟಿತು.

ಹೊರನೋಟ ಎಷ್ಟು ಮೋಸಗೊಳಿಸುತ್ತದೆಂಬುದನ್ನು ಅಮೆಜಾನಿನಲ್ಲಿಯೇ ಕಾಣಬಹುದು. ಟುಕುಶಿ ಈಜುವ ನೀರಿನಲ್ಲಿಯೇ ಬೋಟೊ ಎಂಬ ಗುಲಾಬಿ ಡಾಲ್ಫಿನ್ ಕೂಡ ಇದೆ. ಅದರ ಮೂತಿ ನೀಳ. ಬೆನ್ನಿನ ಮೇಲೆ ರೆಕ್ಕೆಯ ಬದಲು ತಗ್ಗಾದ ಏಣು. ಕತ್ತನ್ನು ಅತ್ತಿತ್ತ ತಿರುಗಿಸಬಲ್ಲುದು. ಅದರದು ಬೇರೆಯೇ ಕುಟುಂಬ. ಟುಕುಶಿಯಾದರೋ ಕಡಲಿನ ಡಾಲ್ಫಿನ್ನುಗಳ ಕುಟುಂಬಕ್ಕೆ ಸೇರಿದುದು. ನೆರೆಯವರೆಲ್ಲರೂ ನೆಂಟರಲ್ಲ.

ಇದರಿಂದ ಪ್ರಯೋಜನವೇನು? ಬ್ರೆಜಿಲಿನ ಮಾಮಿರಾವಾ ರಕ್ಷಿತ ಪ್ರದೇಶದಲ್ಲಿ 1994ರಿಂದ 2017ರವರೆಗೆ ನಡೆದ ಎಣಿಕೆಯಲ್ಲಿ ಟುಕುಶಿಯ ಸಂಖ್ಯೆ ಒಂಬತ್ತು ಹತ್ತು ವರ್ಷಗಳಿಗೊಮ್ಮೆ ಅರ್ಧಕ್ಕಿಳಿಯುತ್ತಿದ್ದುದು ಕಂಡುಬಂದಿತು. ಮೀನಿನ ಬಲೆಗಳಿಗೆ ಸಿಕ್ಕಿ ಅವು ಸಾಯುತ್ತವೆ. 2020ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಟುಕುಶಿಯನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿತು. 2023ರ ಬರಗಾಲದಲ್ಲಿ ಟೆಫೆ ಸರೋವರದ ನೀರು 39 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯ್ದಾಗ ಬೋಟೊ, ಟುಕುಶಿಗಳೆರಡೂ ಸೇರಿ 200ಕ್ಕೂ ಹೆಚ್ಚು ಸತ್ತವು. ಕರಾವಳಿಯ ದಾಯಾದಿಗೆ ಬಂದ ಕಷ್ಟವೇ ಬೇರೆ. 2017ರ ಕೊನೆಯಲ್ಲಿ ರಿಯೋ ಡಿ ಜನೈರೋ ಬಳಿಯ ಕೊಲ್ಲಿಗಳಲ್ಲಿ ಒಂದು ವೈರಾಣು ರೋಗ ಹಬ್ಬಿ ಗಯಾನಾ ಡಾಲ್ಫಿನ್ನುಗಳು ಗುಂಪುಗುಂಪಾಗಿ ಮಡಿದುವು. ಇವೆರಡನ್ನೂ ಒಂದೇ ಲೆಕ್ಕದಲ್ಲಿ ಬರೆದಿದ್ದರೆ ಕಡಲಿನ ಸಂಖ್ಯೆ ನದಿಯ ನಷ್ಟವನ್ನು ಮುಚ್ಚಿಬಿಡುತ್ತಿತ್ತು. ನದಿಯ ಟುಕುಶಿ ಅಳಿದರೆ ಕಡಲಿನ ಡಾಲ್ಫಿನ್ ಬಂದು ಆ ಸ್ಥಾನವನ್ನು ತುಂಬಲಾರದು.

ಇದು ದೂರದೇಶದ ಮಾತೆಂದು ನಾವು ಸುಮ್ಮನಿರುವಂತಿಲ್ಲ. ಕಾರವಾರದ ಕಡಲಿನಲ್ಲಿ ಕಾಣುವ ಗೂನುಬೆನ್ನಿನ ಡಾಲ್ಫಿನ್ನನ್ನೂ ಪೂರ್ವ ಏಷ್ಯದ ತನ್ನ ಬಂಧುವಿನೊಡನೆ ಬಹುಕಾಲ ಒಂದೇ ಎಂದು ಬಗೆದಿದ್ದರು. 2014ರಲ್ಲಿ ಅದನ್ನು ಬೇರೆ ಪ್ರಭೇದವೆಂದು ವಿಂಗಡಿಸಿದರು. ಇಂದು ಅದು ಕೂಡ ಅಳಿವಿನಂಚಿನ ಪಟ್ಟಿಯಲ್ಲಿದೆ.

ಬಣ್ಣ, ಗಾತ್ರಗಳ ಅಲ್ಪಭೇದಕ್ಕೆಲ್ಲ ಹೊಸ ಹೆಸರು ಕಟ್ಟುವ ಚಪಲವನ್ನು ನಾನು ಸಮರ್ಥಿಸುವವನಲ್ಲ. ಎಲುಬು, ಡಿಎನ್ಎ, ವಾಸಸ್ಥಾನ ಮೂರೂ ಒಂದೇ ಸಾಕ್ಷ್ಯವನ್ನು ನುಡಿದಾಗ ಮಾತ್ರ ಆ ಕೆಲಸ ಸಾಧು. ಆದರೆ ನಿರ್ಣಯವಾಗುವ ತನಕ ಎಣಿಕೆಯನ್ನಾದರೂ ಬೇರೆಬೇರೆಯಾಗಿ ಇಡತಕ್ಕದ್ದು. ಹಾಗೆ ಬೇರೆಯಾಗಿ ಎಣಿಸಿ ಮುಂದೆ ತಪ್ಪೆಂದು ತಿಳಿದರೆ ಎರಡು ಪಟ್ಟಿಗಳನ್ನು ಕೂಡಿಸಿದರಾಯಿತು. ಕೂಡಿಸಿ ಎಣಿಸಿದ ತಪ್ಪು ತಿಳಿಯುವ ಹೊತ್ತಿಗೆ ಎಣಿಸಲು ಪ್ರಾಣಿಯೇ ಉಳಿದಿರಲಿಕ್ಕಿಲ್ಲ.